ಹೆಗಲು ಹಿಡ್ಕೊಂಡಾಗ ನಾನು ಹುಡುಕಿದ ಫಿಸಿಯೋ

ಮೊದಲು ಹೇಳಿದ್ದು ಹಿಂದಿನ ಬೆಂಚಿನ ಹುಡುಗರು. "ಮಿಸ್, ತುಂಬ ಕೆಳಗೆ ಬರೀತಿದೀರ, ಕಾಣಿಸ್ತಿಲ್ಲ."

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ತಾರೀಕು, ಪಾಠದ ಹೆಸರು ಬೋರ್ಡಿನ ತುತ್ತತುದಿಯಲ್ಲಿ ಬರೆದು ಶುರು ಮಾಡುವುದು ಇಪ್ಪತ್ತೈದು ವರ್ಷದ ಅಭ್ಯಾಸ. ಅವತ್ತು ಎರಡು ಹೆಜ್ಜೆ ಹಿಂದೆ ಸರಿದು ನೋಡಿದೆ. ಮೇಲಿನ ಅರ್ಧ ಬೋರ್ಡು ಖಾಲಿ. ಲೆಕ್ಕವೆಲ್ಲ ನನ್ನ ಎದೆಮಟ್ಟದಿಂದ ಕೆಳಗೆ. ನನಗೇ ಗೊತ್ತಾಗದ ಹಾಗೆ ನನ್ನ ಅಕ್ಷರ ವಾರ ವಾರ ಕೆಳಗಿಳಿದಿತ್ತು.

ಇದು 2022ರ ಜುಲೈ. ಕೊರೋನಾ ಕಾಲದಲ್ಲಿ ಫೋನಿನ ಮುಂದೆ ಕೂತು ಪಾಠ ಮಾಡಿ ಮಾಡಿ ಬೋರ್ಡಿನ ಅಭ್ಯಾಸ ತಪ್ಪಿದೆ, ಅದಕ್ಕೇ ಹೆಗಲು ನೋವು ಅಂದುಕೊಂಡಿದ್ದೆ. ಬಿಎಂಟಿಸಿ ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿದಾಗ ಡ್ರೈವರ್ ಬ್ರೇಕ್ ಹಾಕಿದರೆ ಜೀವ ಬಾಯಿಗೆ ಬರುತ್ತಿತ್ತು. ರಾತ್ರಿ ಬಲಮಗ್ಗುಲಾದರೆ ಎಚ್ಚರ. ಜಡೆ ಹೆಣೆಯಲು ಆಗದೆ ಮಗಳ ಕ್ಲಿಪ್ಪಿಗೆ ಬಂದಿದ್ದೆ. ಅಡುಗೆಮನೆಯ ಮೇಲಿನ ಸಾಲಿನ ಡಬ್ಬಿಗಳೆಲ್ಲ ಒಂದೊಂದಾಗಿ ಕಟ್ಟೆಗೆ ಇಳಿದಿದ್ದವು. ಇಷ್ಟಾದರೂ ಹುಡುಗರು ಹೇಳುವವರೆಗೆ ನಾನು ಒಪ್ಪಿಕೊಂಡಿರಲಿಲ್ಲ.

ಸಲಹೆಗೇನು ಬರ? ನಮ್ಮತ್ತೆ ಮಹಾನಾರಾಯಣ ತೈಲ ಬೆಚ್ಚಗೆ ಮಾಡಿ ತಿಕ್ಕಿದರು. ತಿಕ್ಕುವಷ್ಟು ಹೊತ್ತು ಹಾಯಾಗಿತ್ತು. ಪಕ್ಕದ ಮನೆಯವರು ಉಳುಕು ತೆಗೆಯುವವರೊಬ್ಬರ ವಿಳಾಸ ಕೊಟ್ಟರು. ಇನ್ನೊಬ್ಬರು ಪುತ್ತೂರು ಕಟ್ಟು ಹಾಕಿಸಿ ಅಂದರು. ನಮ್ಮ ದಕ್ಷಿಣ ಕನ್ನಡದ ಪುತ್ತೂರಲ್ಲ, ಆಂಧ್ರದ್ದು. ಆ ಊರಿನ ಹೆಸರು ಹಾಕಿಕೊಂಡ ಮೂಳೆ ಕಟ್ಟುವವರ ಬೋರ್ಡು ಬೆಂಗಳೂರಿನಲ್ಲೂ ಕಾಣುತ್ತದೆ. ನನ್ನ ಮೂಳೆ ಮುರಿದೇ ಇರಲಿಲ್ಲ, ಏನನ್ನು ಕಟ್ಟಿಸಲಿ?

ಕೊನೆಗೆ ಮೂಳೆ ಡಾಕ್ಟರ ಹತ್ತಿರ ಹೋದೆ. ಕೈ ಎತ್ತಿ ಅಂದರು, ಆದಷ್ಟು ಎತ್ತಿದೆ. ಆಮೇಲೆ ಅವರೇ ಹಿಡಿದು ಎತ್ತಲು ನೋಡಿದರು. ಅಲ್ಲೇ ನಿಂತಿತು. ಎಕ್ಸ್‌ರೇಯಲ್ಲಿ ಏನೂ ಇಲ್ಲ.

"ಶುಗರ್ ಇದ್ಯಾ?"

ಆರು ವರ್ಷದಿಂದ ಇದೆ ಅಂದೆ. ಅದೇ ಮತ್ತೆ, ಫ್ರೋಜನ್ ಶೋಲ್ಡರ್ ಅಂದರು. ನಲವತ್ತರಿಂದ ಅರವತ್ತರೊಳಗಿನವರಿಗೆ ಬರುವುದು, ಹೆಂಗಸರಿಗೆ ಜಾಸ್ತಿ, ಶುಗರ್ ಇದ್ದವರಿಗೆ ಇನ್ನೂ ಜಾಸ್ತಿಯಂತೆ. ಹೆಗಲಿಗೆ ಸ್ಟೆರಾಯ್ಡ್ ಇಂಜೆಕ್ಷನ್ ಕೊಡಬಹುದು, ಆದರೆ ಅದರಿಂದ ಕೆಲವು ದಿನ ಸಕ್ಕರೆ ಏರುತ್ತದೆ, ನಿಮ್ಮದು ಈಗಲೇ ಏರಿದೆ, ಮೊದಲು ಅದನ್ನು ಇಳಿಸಿ ಅಂದರು. ಚೀಟಿಯ ಕೊನೆಯಲ್ಲಿ ಒಂದು ಸಾಲು ಬರೆದರು: ಫಿಸಿಯೋಥೆರಪಿ, 10 ಸಿಟ್ಟಿಂಗ್.

"ಯಾರ ಹತ್ರ ಸರ್?"

"ಮನೆ ಹತ್ರ ಯಾರಾದ್ರೂ ಇರ್ತಾರೆ. ಕ್ವಾಲಿಫೈಡ್ ಆಗಿರಲಿ, ಅಷ್ಟೆ."

ಆ 'ಅಷ್ಟೆ' ನನ್ನ ಮೂರು ತಿಂಗಳು ತಿಂದಿತು.

ಮನೆಯಿಂದ ಎರಡು ತಿರುವು ದಾಟಿದರೆ ಒಂದು ಔಷಧಿ ಅಂಗಡಿ, ಅದರ ಮಹಡಿಯಲ್ಲೇ ಫಿಸಿಯೋ ಕ್ಲಿನಿಕ್. ಬೋರ್ಡಿನಲ್ಲಿ ಬೆನ್ನೆಲುಬಿನ ಚಿತ್ರ, 'ಡಾ.' ಎಂದು ಶುರುವಾಗುವ ಹೆಸರು. ಮತ್ತೇನು ಬೇಕು ಅನ್ನಿಸಿತು. ಹತ್ತು ಸಿಟ್ಟಿಂಗಿಗೆ 4,500 ರೂಪಾಯಿ ಪ್ಯಾಕೇಜು, ಪೂರ್ತಿ ಮುಂಗಡ. ಫೋನಿನಿಂದಲೇ ಕಳಿಸಿದೆ.

ಬೋರ್ಡಿನಲ್ಲಿದ್ದ ಹೆಸರಿನವರನ್ನು ಮೊದಲ ದಿನ ಎರಡು ನಿಮಿಷ ನೋಡಿದ್ದು. ಆಮೇಲೆ ದಿನಾ ಸಂಜೆ ಬಿಳಿ ಕೋಟಿನ ಹುಡುಗ. ಹೆಗಲಿಗೆ ನಾಲ್ಕು ಪ್ಯಾಡ್ ಅಂಟಿಸಿ ಕರೆಂಟ್ ಇಡುತ್ತಿದ್ದ. ಹದಿನೈದು ನಿಮಿಷ ಇರುವೆ ಹರಿದ ಹಾಗೆ ಜುಮುಜುಮು. ಆಮೇಲೆ ತಣ್ಣನೆ ಜೆಲ್ ಹಚ್ಚಿ ಅಲ್ಟ್ರಾಸೌಂಡ್ ಮೆಷಿನ್ನಿನ ತಲೆಯನ್ನು ಗುಂಡಗುಂಡಗೆ ತಿರುಗಿಸುತ್ತಿದ್ದ. ಒಂದು ಕೈ ನನ್ನ ಹೆಗಲ ಮೇಲೆ, ಇನ್ನೊಂದು ಕೈಯಲ್ಲಿ ಅವನ ಫೋನು. "ರಿಲ್ಯಾಕ್ಸ್ ಆಗಿರಿ ಆಂಟಿ" ಅನ್ನುತ್ತಿದ್ದ. ನಾನು ರಿಲ್ಯಾಕ್ಸ್ ಆಗೇ ಇದ್ದೆ. ಕೈ ಮಾತ್ರ ಎಲ್ಲಿತ್ತೋ ಅಲ್ಲೇ.

ಆರನೇ ಸಿಟ್ಟಿಂಗ್ ಮುಗಿದ ರಾತ್ರಿ ಅಕ್ಕ ಫೋನ್ ಮಾಡಿದಳು. ಅವಳಿರುವುದು ಮುಂಬೈ ಹತ್ತಿರದ ಡೊಂಬಿವಿಲಿಯಲ್ಲಿ, ಮೂವತ್ತು ವರ್ಷದಿಂದ. ಮಂಡಿ ನೋವಿಗೆ ಅಲ್ಲಿ ಫಿಸಿಯೋ ಮಾಡಿಸಿಕೊಂಡಿದ್ದಳು. ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದಳು.

"ರಿಜಿಸ್ಟ್ರೇಷನ್ ನಂಬರ್ ಕೇಳಿದ್ಯೇನೇ?"

ನನಗೆ ಅದು ಹೊಳೆದೇ ಇರಲಿಲ್ಲ. ಸೀರೆ ಅಂಗಡಿಯಲ್ಲಿ ಒಂದು ಗಂಟೆ ಕೂತು ಜರಿ ಅಸಲಿಯೋ ನಕಲಿಯೋ ಅಂತ ಉಜ್ಜಿ ನೋಡುವವಳು, ಹೆಗಲು ಒಪ್ಪಿಸುವಾಗ ಬೋರ್ಡಿನ ಬೆನ್ನೆಲುಬು ನೋಡಿ ಒಳಗೆ ಹೋಗಿದ್ದೆ. ಮಾರನೇ ದಿನ ಹುಡುಗನನ್ನು ಕೇಳಿದೆ.

"ರಿಜಿಸ್ಟ್ರೇಷನ್ ಆಯ್ತಲ್ಲ ಆಂಟಿ, ಮೊದಲ ದಿನವೇ ನಿಮ್ಮ ಹೆಸರು ಬರ್ಕೊಂಡ್ವಲ್ಲ."

"ನನ್ನದಲ್ಲಪ್ಪ, ನಿಮ್ಮದು."

ಅವನಿಗೆ ಅರ್ಥವಾಗಲಿಲ್ಲ. "ಸರ್ ಬೆಳಿಗ್ಗೆ ಬರ್ತಾರೆ" ಅಂದ. ಬೆಳಿಗ್ಗೆ ನನಗೆ ಸ್ಕೂಲು. ನೀನು ಏನು ಓದಿದೀಯ ಅಂತ ಕೇಳಿದೆ. ಪಾಪ, ಸುಳ್ಳು ಹೇಳಲಿಲ್ಲ. ಪಿಯುಸಿ ಮುಗಿಸಿ ಇಲ್ಲೇ ಆರು ತಿಂಗಳಿಂದ ಕಲಿಯುತ್ತಿದ್ದೇನೆ ಅಂದ. ಅವನ ಮೇಲೆ ನನಗೆ ಸಿಟ್ಟಿಲ್ಲ, ಹೆಗಲು ಅವನ ಕೈಗೆ ಕೊಟ್ಟು ಹೋದವರ ಮೇಲಿದೆ. ಉಳಿದ ನಾಲ್ಕು ಸಿಟ್ಟಿಂಗಿನ 1,800 ರೂಪಾಯಿ ವಾಪಸ್ ಬರಲಿಲ್ಲ. ನಾನೂ ಹೋಗಲಿಲ್ಲ.

ರಾತ್ರಿ ನಿದ್ದೆ ಹೇಗೂ ಇರಲಿಲ್ಲ. ಫೋನು ಹಿಡಿದು ಓದುತ್ತಾ ಕೂತೆ. ಅಕ್ಕನ ಪ್ರಶ್ನೆಗೆ ಬೆಂಗಳೂರಿನಲ್ಲಿ ಯಾಕೆ ಉತ್ತರ ಸಿಗುತ್ತಿಲ್ಲ ಎಂದು ಆಗ ಗೊತ್ತಾಯಿತು. ಫಿಸಿಯೋಥೆರಪಿಸ್ಟರ ಹೆಸರು ಬರೆದಿಡಲು ದೆಹಲಿಯಲ್ಲಿ 1997ರ ಕಾನೂನಿದೆ. ಮಹಾರಾಷ್ಟ್ರದಲ್ಲಿ 2002ರದ್ದು, ಅದರ ಕೆಳಗೆ ಒಂದು ಕೌನ್ಸಿಲ್. ಅಕ್ಕನಿಗೆ ನಂಬರ್ ಕೇಳುವುದು ಸಹಜವಾಗಿದ್ದು ಅದಕ್ಕೇ. ಇಡೀ ದೇಶಕ್ಕೆ ಕಾನೂನು ಬಂದಿದ್ದು 2021ರಲ್ಲಿ. ಫಿಸಿಯೋ, ಲ್ಯಾಬ್ ಟೆಕ್ನಿಷಿಯನ್, ಆಪ್ಟೋಮೆಟ್ರಿಸ್ಟ್ ಹೀಗೆ ಡಾಕ್ಟರು ನರ್ಸು ಬಿಟ್ಟು ಉಳಿದ ಹಲವರನ್ನು ಸೇರಿಸಿ ಒಂದು ಕಮಿಷನ್ ಮಾಡಬೇಕು, ಪ್ರತಿ ರಾಜ್ಯವೂ ಕೌನ್ಸಿಲ್ ಮಾಡಿ ಹೆಸರು ದಾಖಲಿಸಬೇಕು ಎನ್ನುವುದು ಅದರ ಸಾರಾಂಶ. ನಾನು ಹುಡುಕುತ್ತಿದ್ದದ್ದು ಅದಾದ ಮರುವರ್ಷ. ಕಾನೂನು ಬಂದಿತ್ತು, ಹೆಸರು ಹಾಕಿ ನೋಡೋಣ ಅಂದರೆ ನನ್ನ ಕೈಗೆ ಪಟ್ಟಿ ಸಿಗಲಿಲ್ಲ.

ಹಾಗಾದರೆ ನೋಡುವುದು ಏನನ್ನು? ಮೊದಲನೆಯದು ಡಿಗ್ರಿ. ಬಿಪಿಟಿ ಅಂದರೆ ಫಿಸಿಯೋಥೆರಪಿಯ ಪದವಿ, ಆಗಿನ ಲೆಕ್ಕದಲ್ಲಿ ಪಿಯುಸಿ ಆದಮೇಲೆ ನಾಲ್ಕು ವರ್ಷ ಓದು, ಆರು ತಿಂಗಳು ಇಂಟರ್ನ್‌ಶಿಪ್. ಎಂಪಿಟಿ ಅಂದರೆ ಅದರ ಮೇಲೆ ಇನ್ನೆರಡು ವರ್ಷ. ನಮ್ಮ ರಾಜ್ಯದ ಕಾಲೇಜುಗಳಲ್ಲಿ ಓದಿದವರಾದರೆ ಸರ್ಟಿಫಿಕೇಟು ಹೆಚ್ಚಾಗಿ ಜಯನಗರದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ್ದು. ಎರಡನೆಯದು ಕೆಪಿಎಂಇ, 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆ. ಫಿಸಿಯೋ ಕೇಂದ್ರವೂ ಅದರ ಲೆಕ್ಕಕ್ಕೆ ಬರುತ್ತದೆ, ನೋಂದಣಿ ಪತ್ರವನ್ನು ಕಾಣುವ ಹಾಗೆ ತೂಗುಹಾಕಬೇಕು. ಆದರೆ ಅದು ಜಾಗಕ್ಕೆ ಸಿಕ್ಕ ಪರವಾನಗಿ. ನನ್ನ ಹೆಗಲು ಹಿಡಿಯುವ ಕೈ ಯಾರದ್ದು ಅಂತ ಅದು ಹೇಳುವುದಿಲ್ಲ.

ಇಷ್ಟು ಬುದ್ಧಿ ಬಂತಲ್ಲ ಎಂದು ಮನೆಗೇ ಬರುವವರನ್ನು ಆ್ಯಪಿನಲ್ಲಿ ಹುಡುಕಿದೆ. ಒಬ್ಬರಿಗೆ ಐದಕ್ಕೆ 4.8 ಸ್ಟಾರ್. ಒಂದು ಸಲಕ್ಕೆ 900 ರೂಪಾಯಿ. ಬಂದವರನ್ನು ಕೂರಿಸಿ ಮೊದಲು ಸರ್ಟಿಫಿಕೇಟು ಕೇಳಿದೆ. ನಮ್ಮನೆಯವರಿಗೆ ಮುಜುಗರವಾಗಿ ಅಡುಗೆಮನೆಗೆ ಎದ್ದುಹೋದರು. ಆತ ಬೇಸರ ಮಾಡಿಕೊಳ್ಳದೆ ಫೋನಿನಲ್ಲಿ ತೋರಿಸಿದರು. ಬಿಪಿಟಿ, ಸರಿಯಾಗೇ ಇತ್ತು.

"ಇಷ್ಟು ದಿನ ಸುಮ್ನೆ ವೇಸ್ಟ್ ಮಾಡಿದೀರ ಮೇಡಂ. ಇವತ್ತೇ ಬಿಡಿಸ್ತೀನಿ" ಅಂದರು.

ದಿವಾನದ ಮೇಲೆ ಮಲಗಿಸಿ, ಮೊಣಕೈ ಹಿಡಿದು, ಮೇಲಕ್ಕೆ ಒತ್ತಿದರು. ನಾನು ಕಿರುಚಿದ್ದಕ್ಕೆ ದೇವರ ಮನೆಯಿಂದ ನಮ್ಮತ್ತೆ ಗಂಟೆ ಹಿಡಿದುಕೊಂಡೇ ಓಡಿಬಂದರು. "ಏನಪ್ಪಾ, ಕೈ ಕಿತ್ತು ತಗೊಂಡ್ ಹೋಗ್ತೀಯಾ?" ಅಂದರು. ಆತ ಇನ್ನೊಂದು ಸಲ ಒತ್ತಲಿಲ್ಲ. ಆದರೂ ಅವತ್ತಿನಿಂದ ಮೂರು ರಾತ್ರಿ ಕೂತೇ ಕಳೆದೆ. ಡಿಗ್ರಿ ಇದ್ದ ಕೈ, ಇಲ್ಲದ ಕೈಗಿಂತ ಜಾಸ್ತಿ ನೋಯಿಸಿತ್ತು. ಸರ್ಟಿಫಿಕೇಟು ನೋಡಿದರೆ ಕೆಲಸ ಮುಗಿಯಿತು ಅಂದುಕೊಂಡಿದ್ದ ನನ್ನ ಲೆಕ್ಕ ಅಲ್ಲೂ ತಪ್ಪಿತು.

ದಾರಿ ತೋರಿಸಿದ್ದು ನಮ್ಮ ಸ್ಕೂಲಿನ ಪಿ.ಟಿ. ಮೇಷ್ಟ್ರು. ಸ್ಟಾಫ್ ರೂಮಿನಲ್ಲಿ ನಾನು ಎಡಗೈಯಲ್ಲಿ ನೋಟ್ಸು ತಿದ್ದುವುದನ್ನು ನೋಡಿ ಕೇಳಿದರು. ಫಿಸಿಯೋಥೆರಪಿಸ್ಟರನ್ನು ಹುಡುಕುತ್ತಿದ್ದೇನೆ ಅಂದೆ. "ನಾನೂ ಪಿ.ಟಿ.ನೇ ಅಲ್ವಾ ಮೇಡಂ, ನನ್ನ ಕೇಳೋದಲ್ವಾ!" ಅಂತ ನಕ್ಕರು. ಕಬಡ್ಡಿ ಆಡಿ ಹೆಗಲು ಜಾರಿಸಿಕೊಂಡ ಹುಡುಗರನ್ನು ಅವರು ವರ್ಷಗಳಿಂದ ಕರೆದುಕೊಂಡು ಹೋಗುತ್ತಿದ್ದದ್ದು ಹನುಮಂತನಗರದ ಒಬ್ಬರ ಹತ್ತಿರ. ಎಂಪಿಟಿ, ಮೂಳೆ ಮತ್ತು ಸ್ನಾಯು ವಿಭಾಗ. "ಜಾಸ್ತಿ ಮಾತಾಡಲ್ಲ. ಆದ್ರೆ ಹುಡುಗರು ವಾಪಸ್ ಆಡ್ತಾರೆ" ಅಂದರು.

ಈ ಸಲ ಹೋಗುವ ಮೊದಲು ಫೋನ್ ಮಾಡಿದೆ. ಅವರೊಬ್ಬರಿಗೇ ಅಲ್ಲ, ಹೋಲಿಸಿ ನೋಡಲು ಇನ್ನೂ ನಾಲ್ಕು ಕಡೆಗೆ. ನೀವು ಏನು ಓದಿದೀರಿ, ಪ್ರತಿ ಸಲ ನೀವೇ ನೋಡ್ತೀರಾ ಅಥವಾ ಬೇರೆಯವರಾ, ಮೊದಲ ದಿನ ಎಷ್ಟು ಹೊತ್ತು ಬೇಕು. ಇಷ್ಟೇ ಕೇಳಿದ್ದು. ಎರಡು ಕಡೆ "ಬನ್ನಿ ಮೇಡಂ, ನೋಡೋಣ" ಅಂದರು. ಒಂದು ಕಡೆ ಉತ್ತರದ ಬದಲು ಪ್ಯಾಕೇಜಿನ ರೇಟು ಹೇಳಿದರು. ಒಂದು ಕಡೆ ಫೋನ್ ಇಟ್ಟುಬಿಟ್ಟರು. ಹನುಮಂತನಗರದವರು ಮೂರಕ್ಕೂ ಉತ್ತರ ಕೊಟ್ಟು, ತಿರುಗಿ ನನ್ನನ್ನೇ ಕೇಳಿದರು: "ರಾತ್ರಿ ನೋವು ಹೆಚ್ಚಾ, ಹಗಲು ಹೆಚ್ಚಾ? ಎಕ್ಸ್‌ರೇ, ಶುಗರ್ ರಿಪೋರ್ಟ್ ತನ್ನಿ. ತೋಳಿಲ್ಲದ ಅಥವಾ ಸಡಿಲ ತೋಳಿನ ಬಟ್ಟೆ ಹಾಕ್ಕೊಂಡು ಬನ್ನಿ."

ಬಟ್ಟೆಯ ವಿಷಯ ಹೇಳಿದ ಮೊದಲ ವ್ಯಕ್ತಿ ಅವರೇ. ಹಿಂದಿನ ಇಬ್ಬರೂ ನನ್ನ ಹೆಗಲನ್ನು ಸರಿಯಾಗಿ ನೋಡೇ ಇರಲಿಲ್ಲ ಅಂತ ಆಗ ಹೊಳೆಯಿತು.

ಕ್ಲಿನಿಕ್ಕು ಅಂದರೆ ಒಂದು ಹಳೇ ಮನೆಯ ಮುಂದಿನ ಎರಡು ಕೋಣೆ. ಗೋಡೆಯಲ್ಲಿ ಎರಡು ಡಿಗ್ರಿ, ಪಕ್ಕದಲ್ಲಿ ಕೆಪಿಎಂಇ ಪತ್ರ. ನಾನು ಕತ್ತು ಚಾಚಿ ಓದುವುದನ್ನು ನೋಡಿ ಅವರು ಕುರ್ಚಿಯನ್ನೇ ಗೋಡೆ ಹತ್ತಿರ ಎಳೆದರು. ಹೆಸರಿನ ಮುಂದೆ 'ಎಂಐಎಪಿ' ಎಂದಿತ್ತು. ಇದೇ ಲೈಸೆನ್ಸಾ ಅಂದೆ.

"ಅಲ್ಲ. ಅದು ನಮ್ಮ ಸಂಘದ ಸದಸ್ಯತ್ವ. ಇಂಡಿಯನ್ ಅಸೋಸಿಯೇಷನ್ ಆಫ್ ಫಿಸಿಯೋಥೆರಪಿಸ್ಟ್ಸ್, 1955ರಿಂದ ಇದೆ. ಓದಿದವರಿಗೇ ಕೊಡ್ತಾರೆ, ಆದ್ರೆ ಸರ್ಕಾರದ ಲೈಸೆನ್ಸ್ ಅಲ್ಲ."

ಹಾಗೆ ಬಿಡಿಸಿ ಹೇಳದಿದ್ದರೂ ನಡೆಯುತ್ತಿತ್ತು. ನಾನು ನಂಬಿಬಿಡುತ್ತಿದ್ದೆ. ಅವರ ಬೋರ್ಡಿನಲ್ಲಿ 'ಡಾ.' ಕೂಡ ಇರಲಿಲ್ಲ. ಫಿಸಿಯೋಗಳು ಹಾಗೆ ಬರೆದುಕೊಳ್ಳಬಹುದೋ ಬೇಡವೋ ಎನ್ನುವ ಜಗಳ ಇನ್ನೂ ಹರಿದಿಲ್ಲ. 2025ರ ಸೆಪ್ಟೆಂಬರಿನಲ್ಲಿ ಕೇಂದ್ರದ ಆರೋಗ್ಯ ಸೇವೆಗಳ ನಿರ್ದೇಶನಾಲಯ ಬೇಡ ಎಂದು ಪತ್ರ ಬರೆದು, ಮರುದಿನವೇ ಅದನ್ನು ವಾಪಸ್ ತೆಗೆದುಕೊಂಡಿತು. ಪೇಪರಿನಲ್ಲಿ ಓದಿದಾಗ ನನಗೆ ಹನುಮಂತನಗರದ ಆ ಬೋರ್ಡು ನೆನಪಾಯಿತು.

ಮೊದಲ ಇಪ್ಪತ್ತು ನಿಮಿಷ ಅವರು ಮೆಷಿನ್ ಮುಟ್ಟಲಿಲ್ಲ. ನಡೆಸಿದರು, ಕೂರಿಸಿದರು, ಬೆನ್ನ ಹಿಂದೆ ನಿಂತು ಎರಡೂ ಕೈ ಎತ್ತಿಸಿ ನೋಡಿದರು. "ಕೈ ಎತ್ತೋಕೆ ಹೋದ್ರೆ ಹೆಗಲು ಕಿವಿಗೆ ಹೋಗ್ತಿದೆ, ನೋಡಿ" ಎಂದು ಕನ್ನಡಿಯಲ್ಲಿ ತೋರಿಸಿದರು. ಆಮೇಲೆ ಡ್ರಾಯರಿನಿಂದ ಒಂದು ವಸ್ತು ತೆಗೆದರು. ನೋಡಿದ ಕೂಡಲೇ ನನಗೆ ನಗು ಬಂತು. ಅದು ಕೋನಮಾಪಕ! ನಮ್ಮ ಜಾಮಿಟ್ರಿ ಬಾಕ್ಸಿನದ್ದೇ, ಆದರೆ ಎರಡು ಉದ್ದನೆಯ ಕೈ ಇರುವುದು. ಗೋನಿಯೋಮೀಟರ್ ಅಂತೆ. ಒಂದು ಕೈಯನ್ನು ನನ್ನ ಪಕ್ಕೆಗೆ, ಇನ್ನೊಂದನ್ನು ತೋಳಿಗೆ ಹೊಂದಿಸಿ ಓದಿದರು. ನಾನು ಇಪ್ಪತ್ತೈದು ವರ್ಷದಿಂದ ಮಕ್ಕಳಿಗೆ ಕೋನ ಅಳೆಸಿದವಳು. ನನ್ನನ್ನೇ ಯಾರೋ ಅಳೆದದ್ದು ಅದೇ ಮೊದಲು.

ಮುಂದಕ್ಕೆ ಎತ್ತಿದಾಗ 95 ಡಿಗ್ರಿ. ಪಕ್ಕಕ್ಕೆ 70. ಮೊಣಕೈ ಸೊಂಟಕ್ಕೆ ಅಂಟಿಸಿಕೊಂಡು ಮುಂಗೈಯನ್ನು ಹೊರಕ್ಕೆ ತಿರುಗಿಸಿದಾಗ ಬರೀ 10. ಎಡಗೈಯಲ್ಲಿ ಇವೇ 170, 165, 75. ಆ ಹತ್ತು ಡಿಗ್ರಿ ನೋಡಿ ನನಗೆ ಗಾಬರಿಯಾಯಿತು. ಅವರಿಗೆ ಆಗಲಿಲ್ಲ. ಈ ಕಾಯಿಲೆಯಲ್ಲಿ ಹೊರಕ್ಕೆ ತಿರುಗುವುದೇ ಎಲ್ಲಕ್ಕಿಂತ ಹೆಚ್ಚು ಹೋಗುತ್ತದಂತೆ.

"ಕೀಲಿನ ಸುತ್ತ ಒಂದು ತೆಳ್ಳನೆ ಚೀಲ ಇರುತ್ತೆ. ಅದು ದಪ್ಪ ಆಗಿ ಬಿಗಿದುಕೊಂಡಿದೆ. ಹೊಸ ಕಾಟನ್ ರವಿಕೆ ಒಗೆದ್ಮೇಲೆ ಕುಗ್ಗಿ ತೋಳು ಹಿಡಿಯುತ್ತಲ್ಲ, ಹಾಗೆ. ಎಳೆದ್ರೆ ಹರಿಯುತ್ತೆ. ದಿನಾ ಸ್ವಲ್ಪ ಸ್ವಲ್ಪ ಸಡಿಲ ಮಾಡಬೇಕು." ಈಗ ನೋವಿನ ಹಂತ, ಆಮೇಲೆ ಬಿಗಿತದ ಹಂತ, ಕೊನೆಗೆ ಬಿಡುವ ಹಂತ ಅಂದರು. ಒಟ್ಟು ಒಂದು ವರ್ಷವಾದರೂ ಆಗಬಹುದು, ಮೂರು ವರ್ಷವೂ ಆಗಬಹುದು. "ಹತ್ತು ಸಿಟ್ಟಿಂಗಲ್ಲಿ ಬಿಡಿಸ್ತೀನಿ ಅಂತ ನಾನು ಹೇಳಲ್ಲ. ಶುಗರ್ ನೀವು ನೋಡ್ಕೊಳ್ಳಿ, ಕೈ ಇಬ್ಬರೂ ನೋಡೋಣ."

ಮೆಷಿನ್? ಮೂಲೆಯಲ್ಲಿ ಇತ್ತು, ಮೇಲೆ ಬಟ್ಟೆ ಮುಚ್ಚಿತ್ತು. "ನೋವು ಸ್ವಲ್ಪ ಮರೆಸುತ್ತೆ. ಕೈ ಎತ್ತಿಸಲ್ಲ" ಅಂದರು.

ಒಂದು ಸಲಕ್ಕೆ 600 ರೂಪಾಯಿ, ಆಯಾ ದಿನ ಕೊಟ್ಟರೆ ಸಾಕು. ಮೊದಲ ತಿಂಗಳು ವಾರಕ್ಕೆ ಎರಡು ಸಲ, ಮುಂದಿನ ಎರಡು ತಿಂಗಳು ವಾರಕ್ಕೊಂದು, ಆಮೇಲೆ ತಿಂಗಳಿಗೊಂದು ಸಲದ ಹಾಗೆ ಮೂರು. ಒಟ್ಟು 19, ಅಂದರೆ 11,400 ರೂಪಾಯಿ. ಅಲ್ಲಿ ಕಲಿತದ್ದನ್ನು ಮನೆಯಲ್ಲಿ ದಿನಕ್ಕೆ ಮೂರು ಹೊತ್ತು ಮಾಡುವುದೇ ನಿಜವಾದ ಕೆಲಸ. ಬಿಸಿನೀರಿನ ಚೀಲ ಹತ್ತು ನಿಮಿಷ. ಆಮೇಲೆ ಬಾಗಿ ನಿಂತು ಕೈಯನ್ನು ಲೋಲಕದ ಹಾಗೆ ಜೋತುಬಿಟ್ಟು ತೂಗುವುದು. ಕೊಡೆ ಅಡ್ಡ ಹಿಡಿದು, ಎಡಗೈಯಿಂದ ಬಲಗೈಯನ್ನು ಹೊರಕ್ಕೆ ತಳ್ಳುವುದು. ಬಾಗಿಲ ಮೇಲೆ ರಾಟೆ ಸಿಕ್ಕಿಸಿ, ಬಾವಿಯಲ್ಲಿ ನೀರು ಸೇದಿದ ಹಾಗೆ ಒಂದು ಕೈಯಿಂದ ಇನ್ನೊಂದನ್ನು ಮೇಲೆಳೆಯುವುದು. ನಮ್ಮತ್ತೆಗೆ ಆ ರಾಟೆ ಬಹಳ ಇಷ್ಟವಾಗಿ ಅವರೂ ಎಳೆಯಲು ಶುರು ಮಾಡಿದರು.

ನನಗೆ ಹಿಡಿಸಿದ್ದು ಗೋಡೆ ಹತ್ತುವುದು. ಗೋಡೆಗೆ ಎದುರು ನಿಂತು ಎರಡು ಬೆರಳನ್ನು ಜೇಡನ ಕಾಲಿನ ಹಾಗೆ ಮೇಲೆ ಮೇಲೆ ನಡೆಸುವುದು. ನಿಂತಲ್ಲಿ ಪೆನ್ಸಿಲ್ ಗೀಟು, ಪಕ್ಕದಲ್ಲಿ ತಾರೀಕು. ನಡುಮನೆಯ ಗೋಡೆಯಲ್ಲಿ ಮಗಳ ಎತ್ತರ ಗುರುತಿಸಿದ ಹಳೇ ಗೀಟುಗಳಿದ್ದವು. ನನ್ನದು ಅವುಗಳ ಪಕ್ಕದಲ್ಲಿ ಏರತೊಡಗಿತು. ಅವಳ ಏಳನೇ ತರಗತಿಯ ಗೀಟನ್ನು ದೀಪಾವಳಿ ಹೊತ್ತಿಗೆ ದಾಟಿದೆ. ಡಿಸೆಂಬರಿನಲ್ಲಿ ಹದಿನೈದು ದಿನ ಒಂದೇ ಜಾಗದಲ್ಲಿ ಹತ್ತು ಗೀಟು ಒಂದರ ಮೇಲೊಂದು ಬಿದ್ದವು. ಅಳು ಬಂತು. ಅವರಿಗೆ ಫೋಟೋ ಕಳಿಸಿದರೆ "ಶುಗರ್ ಎಷ್ಟಿದೆ?" ಎಂದು ಒಂದು ಸಾಲಿನ ಉತ್ತರ. ಮದುವೆ ಸೀಸನ್ನಿನ ಹೋಳಿಗೆ, ಚಿರೋಟಿಗಳ ಲೆಕ್ಕ ನನಗೇ ಗೊತ್ತಿತ್ತು. ಸುಮ್ಮನಾದೆ.

2023ರ ಮಾರ್ಚಿನಲ್ಲಿ ಕೈ ಮುಂದಕ್ಕೆ ಎತ್ತುವುದು 145 ಡಿಗ್ರಿಗೆ ಬಂದಾಗ "ಇನ್ನು ಇಲ್ಲಿಗೆ ಬರಬೇಡಿ, ಮನೇಲೇ ಮಾಡಿ" ಅಂದರು. ಅಷ್ಟರಲ್ಲಿ ಬೋರ್ಡಿನ ಮೇಲಿನ ಸಾಲಿಗೆ ಕೈ ಎಟಕುತ್ತಿತ್ತು. ಹಿಂದಿನ ಬೆಂಚಿನವರು ಏನೂ ಹೇಳಲಿಲ್ಲ. ಕಾಣಿಸಿದರೆ ಯಾಕೆ ಹೇಳುತ್ತಾರೆ? ಬೆನ್ನ ಹಿಂದೆ ಕೈ ತಿರುಗಿಸುವುದು ಮಾತ್ರ ಇವತ್ತಿಗೂ ಪೂರ್ತಿ ಬಂದಿಲ್ಲ. ಎಡಗೈ ಹೆಬ್ಬೆರಳು ರೆಕ್ಕೆಮೂಳೆ ಮುಟ್ಟುತ್ತದೆ, ಬಲಗೈಯದ್ದು ರವಿಕೆಯ ಅಂಚಿಗೇ ಸುಸ್ತು. ಹಿಂದೆ ಹುಕ್ಕಿನ ರವಿಕೆಗಳನ್ನೆಲ್ಲ ಮಗಳಿಗೆ ಕೊಟ್ಟೆ. ಅವಳಿಗೆ ಅದೇನೂ ಬೇಜಾರಿಲ್ಲ.

ಈಗ ಸ್ಕೂಲಿನಲ್ಲಿ ಯಾರಿಗಾದರೂ ಸೊಂಟ ಹಿಡಿದರೆ, ಯಾರಿಗಾದರೂ ಪ್ಲಾಸ್ಟರ್ ಬಿಚ್ಚಿದರೆ ನನ್ನ ಹತ್ತಿರ ನಂಬರ್ ಕೇಳುತ್ತಾರೆ. ಕೊಡುತ್ತೇನೆ. ಬೇರೆ ಕಡೆ ಹೋಗುವವರಿಗೆ, ಮೊದಲ ದಿನ ಅಳೆಯದೆ ಮೆಷಿನ್ ಇಟ್ಟರೆ ಚಪ್ಪಲಿ ಹಾಕ್ಕೊಂಡು ಎದ್ದು ಬನ್ನಿ ಅಂತಲೂ ಹೇಳುತ್ತೇನೆ. ಪಿ.ಟಿ. ಮೇಷ್ಟ್ರು ಇದಕ್ಕೆ ತನಗೆ ಕಮಿಷನ್ ಬರಬೇಕು ಅನ್ನುತ್ತಾರೆ.

ಕಳೆದ ತಿಂಗಳು ಪರದೆ ಸಿಕ್ಕಿಸುವಾಗ ಎಡಹೆಗಲು ಚುಳುಕ್ ಅಂತು. ಒಂದು ಕಡೆ ಬಂದವರಿಗೆ ಇನ್ನೊಂದು ಕಡೆಗೂ ಬರಬಹುದು ಎಂದು ಹನುಮಂತನಗರದವರು ಆಗಲೇ ಹೇಳಿದ್ದರು. ಈ ಸಲ ಎಣ್ಣೆ ಕಾಯಿಸಲಿಲ್ಲ. ಸ್ಕೂಲಿನಿಂದ ಬೋರ್ಡಿಗೆ ಬಳಸುವ ದೊಡ್ಡ ಮರದ ಕೋನಮಾಪಕ ತಂದು, ಮಗಳನ್ನು ಸ್ಟೂಲಿನ ಮೇಲೆ ನಿಲ್ಲಿಸಿ ಅಳೆಸಿದೆ. 150. ತಕ್ಷಣ ಹನುಮಂತನಗರಕ್ಕೆ ಫೋನ್ ಮಾಡಿದೆ. ನಮಸ್ಕಾರ ಕೂಡ ಪೂರ್ತಿ ಹೇಳಿರಲಿಲ್ಲ.

"ಶುಗರ್ ಎಷ್ಟಿದೆ?" ಅಂದರು.